ನೆತ್ತಿ ಕೂಡುವ ಮುನ್ನ

ಚಪ್ಪಲಿ ಹೊರಗೇ ಬಿಡಿ. ವಾಚು, ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಗೌನ್ ತೊಟ್ಟು ಒಳಗೆ ಬನ್ನಿ. ಬಾಗಿಲು ಮುಚ್ಚಿದ ಮೇಲೆ ತುಮಕೂರಿನ ಬಿ.ಎಚ್. ರಸ್ತೆಯ ಬಸ್ಸುಗಳ ಹಾರನ್ನು ಕೇಳಿಸುವುದಿಲ್ಲ. ಇಲ್ಲಿರುವುದು ಮಾನಿಟರುಗಳ ಸದ್ದು, ಆಕ್ಸಿಜನ್ನಿನ ಸದ್ದು, ಆಗಾಗ ಒಂದು ತೆಳ್ಳನೆಯ ಅಳು. ಇದು ನವಜಾತ ಶಿಶುಗಳ ವಿಶೇಷ ಆರೈಕೆಯ ಘಟಕ. ಆಸ್ಪತ್ರೆಯವರು, ಆಶಾಗಳು, ಕೊನೆಗೆ ಮನೆಯವರೂ ಎಸ್‌ಎನ್‌ಸಿಯು ಎಂದೇ ಕರೆಯುತ್ತಾರೆ.

ಸಾಲಾಗಿ ವಾರ್ಮರುಗಳಿವೆ. ಮೂರನೆಯದರ ಹತ್ತಿರ ನಿಲ್ಲಿ. ಇದರಲ್ಲಿರುವ ಹೆಣ್ಣುಮಗು ಗುಬ್ಬಿ ಕಡೆಯದು, ಮೂವತ್ತು ವಾರಕ್ಕೇ ಹುಟ್ಟಿದೆ, ತೂಕ 1,300 ಗ್ರಾಂ, ಇವತ್ತಿಗೆ ಮೂರನೇ ದಿನ ಎಂದಿಟ್ಟುಕೊಳ್ಳಿ. ಇಂಥ ಮಗು ಈ ಘಟಕಕ್ಕೆ ಅಪರೂಪವೇನಲ್ಲ. ತಲೆಗೆ ಉಲ್ಲನ್ ಟೋಪಿ, ಕಾಲಿಗೆ ಉಲ್ಲನ್ ಚೀಲ. ಮೂಗಿನಲ್ಲಿ ನಳಿಗೆ. ಕೇಸ್ ಶೀಟಿನಲ್ಲಿ ಮೂರು ಅಕ್ಷರ ಬರೆದಿದ್ದಾರೆ: ಎನ್‌ಎಸ್‌ಜಿ. ನ್ಯೂರೋಸೋನೋಗ್ರಾಂ, ಅಂದರೆ ಮಗುವಿನ ಮೆದುಳಿನ ಅಲ್ಟ್ರಾಸೌಂಡ್.

ಚಕ್ರದ ಮೇಲೆ ಯಂತ್ರ ಬರುತ್ತದೆ. ಹೊಟ್ಟೆಯೊಳಗಿನ ಶಿಶುವನ್ನು ನೋಡುವುದೂ ಪಿತ್ತಕೋಶದ ಕಲ್ಲು ಹುಡುಕುವುದೂ ಇಂಥ ಯಂತ್ರದಿಂದಲೇ. ಪ್ರೋಬ್ ಮಾತ್ರ ಬೇರೆ: ಚಿಕ್ಕದು, ಮಗುವಿನ ನೆತ್ತಿಯ ಮೇಲೆ ಕೂರುವಷ್ಟೇ. ಬಾಗಿಲ ಗಾಜಿನಾಚೆ ನಿಂತಿರುವ ಅಜ್ಜಿಗೆ ಇದು ಅರ್ಥವಾಗಿಲ್ಲ.

“ಹೊಟ್ಟೆಗಲ್ವೇನವ್ವಾ ಸ್ಕ್ಯಾನಿಂಗ್ ಮಾಡೋದು? ಹಸಿ ಕೂಸಿನ ತಲೆಗೆ ಯಾಕೆ?”

“ಏನೂ ಆಗಲ್ಲ ಅಜ್ಜಿ. ಸೂಜಿ ಇಲ್ಲ, ಕರೆಂಟ್ ಇಲ್ಲ. ಮೇಲಿಂದ ನೋಡ್ತಾರೆ ಅಷ್ಟೇ,” ಎನ್ನುತ್ತಾರೆ ಸಿಸ್ಟರ್.

ಸಿಸ್ಟರ್ ಹೇಳಿದ್ದು ಸರಿ. ಸಿ.ಟಿ.ಯಲ್ಲಿ ವಿಕಿರಣ ಇರುತ್ತದೆ. ಎಂ.ಆರ್.ಐ. ಬೇಕೆಂದರೆ ಮಗುವನ್ನು ಈ ಬಿಸಿಯಿಂದ, ಈ ನಳಿಗೆಗಳಿಂದ ಎಬ್ಬಿಸಿ ಇನ್ನೊಂದು ಕಟ್ಟಡಕ್ಕೆ ಒಯ್ಯಬೇಕು, ಕದಲದ ಹಾಗೆ ಬಹಳ ಹೊತ್ತು ಮಲಗಿಸಬೇಕು. ಅಲ್ಟ್ರಾಸೌಂಡ್ ತಾನೇ ಮಗುವಿನ ಹತ್ತಿರ ಬರುತ್ತದೆ. ಮೂವತ್ತು ವಾರದ ಮಗುವಿನ ಮಟ್ಟಿಗೆ ಇದು ಸಣ್ಣ ಅನುಕೂಲವಲ್ಲ.

ಟೋಪಿ ಸರಿಸುತ್ತಾರೆ. ನೆತ್ತಿ ಮೆಲ್ಲಗೆ ಮಿಡಿಯುತ್ತಿದೆ, ನೋಡಿ. ಅಲ್ಲಿ ಮೂಳೆ ಇನ್ನೂ ಕೂಡಿಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಅದು ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಶಬ್ದಕ್ಕೆ ಒಳಗೆ ಹೋಗಲು ದಾರಿ ಇದೆ. ಡಾಕ್ಟರು ಬೆಚ್ಚಗಿನ ಜೆಲ್ಲನ್ನು ಒಂದು ಹನಿ ಬಿಟ್ಟು, ಪ್ರೋಬನ್ನು ಒತ್ತದೆ, ಸುಮ್ಮನೆ ತಾಗಿಸಿ ಹಿಡಿಯುತ್ತಾರೆ. ಮಗು ಹುಬ್ಬು ಗಂಟಿಕ್ಕಿ ಮತ್ತೆ ನಿದ್ದೆಗೆ ಜಾರುತ್ತದೆ.

ಮನುಷ್ಯರ ಕಿವಿಗೆ ಕೇಳಿಸುವುದು ಸೆಕೆಂಡಿಗೆ 20,000 ಕಂಪನಗಳವರೆಗೆ. ಈ ಪ್ರೋಬಿನಿಂದ ಹೊರಡುವುದು ಸುಮಾರು 75 ಲಕ್ಷ ಕಂಪನಗಳ ಶಬ್ದ. ಮೆತ್ತಗಿನ ಅಂಗಾಂಶದಲ್ಲಿ ಅದರ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 1,540 ಮೀಟರ್. ಐದು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳುವುದಕ್ಕೆ ಒಂದು ಸೆಕೆಂಡಿನ ಹದಿನೈದು ಸಾವಿರದಲ್ಲೊಂದು ಪಾಲು ಸಾಕು. ಹೋದ ಶಬ್ದ ಎಲ್ಲಿ ತಗುಲಿತು, ಎಷ್ಟು ಜೋರಾಗಿ ಹಿಂದಿರುಗಿತು ಎಂಬುದನ್ನು ಯಂತ್ರ ಪರದೆಯ ಮೇಲೆ ಬೆಳಕಾಗಿ ಬರೆಯುತ್ತದೆ. ದ್ರವ ಕಪ್ಪಗೆ, ಮೂಳೆ ಬೆಳ್ಳಗೆ, ಮೆದುಳು ನಡುವಿನ ಬೂದಿ ಬಣ್ಣದಲ್ಲಿ.

ಪರದೆ ನೋಡಿ. ನಡುವೆ ಒಂದು ಗೆರೆ, ಅದರ ಎರಡು ಪಕ್ಕದಲ್ಲಿ ಎರಡು ಸಣ್ಣ ಕಪ್ಪು ಸೀಳು. ಅವು ದ್ರವ ತುಂಬಿದ ಕುಹರಗಳು. ಡಾಕ್ಟರು ಕೈಯನ್ನು ಹಣೆಯ ಕಡೆಯಿಂದ ಹಿಂದಲೆಯ ಕಡೆಗೆ ಎಳೆಯಷ್ಟು ವಾಲಿಸಿದರೆ ಪರದೆಯ ಮೇಲೆ ಮೆದುಳು ಪದರ ಪದರವಾಗಿ ಸರಿಯುತ್ತದೆ. ಒಂದು ಕಡೆ ಕೈ ನಿಲ್ಲುತ್ತದೆ. ಕುಹರದೊಳಗೆ ಬೆಳ್ಳಗೆ ಏನೋ ಇದೆ.

“ಬ್ಲಡ್ಡಾ ಡಾಕ್ಟ್ರೇ?”

“ಅಲ್ಲ ಸಿಸ್ಟರ್, ಅದು ಕೋರಾಯ್ಡ್. ಎಲ್ಲ ಮಕ್ಕಳಲ್ಲೂ ಇರುತ್ತೆ. ಆದ್ರೆ ಇಲ್ಲಿ ನೋಡಿ, ಈ ತಿರುವಿನಿಂದ ಮುಂದಕ್ಕೆ ಕೋರಾಯ್ಡ್ ಬರಬಾರದು. ಇಲ್ಲೊಂದು ಬಿಳಿ ಚುಕ್ಕೆ ಇದೆಯಲ್ಲ, ಎಡಗಡೆ. ಇದು ಬ್ಲೀಡ್. ಗ್ರೇಡ್ ಒನ್.”

ಇನ್ನೊಬ್ಬರ ಕಣ್ಣಿಗೆ ಎರಡೂ ಒಂದೇ ಬಿಳಿ. ಆ ತಿರುವು ಎಲ್ಲಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಒಂದು ಸಹಜ, ಇನ್ನೊಂದು ರಕ್ತ. ಈ ವಿದ್ಯೆಯ ಸಾರವೆಲ್ಲ ಇಲ್ಲಿದೆ ಎಂದು ನನಗನ್ನಿಸುತ್ತದೆ. ಯಂತ್ರಕ್ಕೆ ಲಕ್ಷಗಟ್ಟಲೆ ಕೊಟ್ಟು ತರಬಹುದು. ತಿರುವು ಗುರುತಿಸುವ ಕಣ್ಣನ್ನು ತಯಾರು ಮಾಡುವುದಕ್ಕೆ ವರ್ಷಗಳು ಬೇಕು.

ದಿನ ತುಂಬದ ಮಕ್ಕಳ ಮೆದುಳಿನಲ್ಲಿ ಆ ತಿರುವಿನ ಬಳಿಯ ಈ ಜಾಗ ಹೊಸ ಜೀವಕೋಶಗಳು ಹುಟ್ಟುವ ತಾಣ. ರಕ್ತನಾಳಗಳ ಗೋಡೆ ಇಲ್ಲಿ ತೀರ ತೆಳು. ತಾಯ ಗರ್ಭದಲ್ಲೇ ಉಳಿದಿದ್ದರೆ ಮೂವತ್ತನಾಲ್ಕು ವಾರ ದಾಟುವಾಗ ಆ ಜಾಗ ತಾನಾಗಿ ಕರಗಿಹೋಗುತ್ತಿತ್ತು. ಬೇಗ ಹುಟ್ಟಿದ ಮಗುವಿನ ರಕ್ತದೊತ್ತಡ ಸ್ವಲ್ಪ ಏರಿಳಿದರೂ ಅಲ್ಲಿ ನಾಳ ಒಡೆಯಬಹುದು. ಒಡೆಯುವುದಿದ್ದರೆ ಬಹುಪಾಲು ಮೊದಲ ಮೂರ್ನಾಲ್ಕು ದಿನಗಳಲ್ಲೇ. ರಕ್ತ ಆ ಜಾಗದಲ್ಲೇ ನಿಂತರೆ ಗ್ರೇಡ್ ಒಂದು. ಕುಹರಕ್ಕೆ ಇಳಿದರೆ ಎರಡು, ತುಂಬಿ ಕುಹರವನ್ನು ಹಿಗ್ಗಿಸಿದರೆ ಮೂರು, ಮೆದುಳಿನ ತಿರುಳಿಗೇ ತಟ್ಟಿದರೆ ನಾಲ್ಕು. ಈ ನಾಲ್ಕು ಮೆಟ್ಟಿಲುಗಳನ್ನು 1978ರಲ್ಲಿ ಲೂ-ಆನ್ ಪಪೀಲ್ ಮತ್ತು ಜೊತೆಗಾರರು ಸಿ.ಟಿ. ಚಿತ್ರಗಳನ್ನು ನೋಡಿ ಹಾಕಿಕೊಟ್ಟರು. ಈಗ ಅದೇ ಲೆಕ್ಕ ಅಲ್ಟ್ರಾಸೌಂಡಿಗೂ ನಡೆಯುತ್ತದೆ.

ಈ ಮಗುವಿನ ರಕ್ತ ಮೊದಲ ಮೆಟ್ಟಿಲಲ್ಲೇ ನಿಂತಿದೆ. ಹಿಂದಿನ ಹಾಳೆ ತಿರುವಿ ನೋಡಿ. ತಾಯಿಗೆ ನೋವು ಶುರುವಾದಾಗ ಗುಬ್ಬಿಯಲ್ಲೇ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಶುರು ಮಾಡಿ, ಆಮೇಲೆ 108 ಹತ್ತಿಸಿದ್ದಾರೆ. ಈ ಚಿಕಿತ್ಸೆಯ ಮೂಲ ನ್ಯೂಜಿಲೆಂಡಿನಲ್ಲಿದೆ. ಗ್ರಹಾಂ ಲಿಗಿನ್ಸ್ ಇದರ ಗುಣವನ್ನು ಮೊದಲು ಕಂಡದ್ದು ಕುರಿಮರಿಗಳಲ್ಲಿ. ಅವರೂ ರಾಸ್ ಹೋವಿಯೂ 1972ರಲ್ಲಿ ಇದನ್ನು ತಾಯಂದಿರಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಮಗುವಿನ ಶ್ವಾಸಕೋಶ ಬಲಿಯಲಿ ಎಂದು ಕೊಡುವ ಮದ್ದು ಮೆದುಳಿನ ರಕ್ತಸ್ರಾವವನ್ನೂ ಕಡಿಮೆ ಮಾಡುತ್ತದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮದ್ದು ಪಡೆದ ತಾಯಂದಿರ ನವಜಾತ ಶಿಶುಗಳಲ್ಲಿ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು. ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್. ಆಂಬುಲೆನ್ಸ್ ಬರುವ ಮೊದಲೇ ಸೂಜಿ ಚುಚ್ಚಿದ ಆ ನರ್ಸನ್ನು ಈ ಪರದೆಯ ಮುಂದೆ ಕರೆತಂದು ನಿಲ್ಲಿಸಿ ತೋರಿಸಬೇಕೆನಿಸುತ್ತದೆ.

ಹೊರಗೆ ಬಂದ ಡಾಕ್ಟರು ತಾಯಿಗೆ ಮೆಲ್ಲಗೆ ಹೇಳುತ್ತಾರೆ. “ಸಣ್ಣದಾಗಿ ರಕ್ತ ಒಸರಿದೆ. ಇದು ತಾನೇ ಕರಗುತ್ತೆ. ಆದ್ರೆ ಇನ್ನೊಂದ್ ಸಲ ನೋಡ್ಲೇಬೇಕು. ತಪ್ಪಿಸ್ಬೇಡಿ.”

ಆ ಇನ್ನೊಂದು ಸಲದ ಮಾತೇ ಕಷ್ಟದ್ದು. ಅದನ್ನು ಕೇಳಲು ಗುಬ್ಬಿಗೆ ಹೋಗೋಣ.

ಊರು ದಾಟಿದ ಮೇಲೆ ತೆಂಗು, ಅಡಿಕೆ, ಮಧ್ಯೆ ರಾಗಿ ಹೊಲ. ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿದ್ದಾರೆ, ಕೂತುಕೊಳ್ಳಿ. ಮಗು ಮನೆಗೆ ಬಂದಾಗಿದೆ, ಎರಡು ಕಿಲೋ ಮುಟ್ಟಿದೆ. ತಾಯಿ ಎದೆಗೆ ಒತ್ತಿಕೊಂಡು, ಮೇಲೆ ಸೆರಗು ಹೊದ್ದು ಕಾಂಗರೂ ಆರೈಕೆ ಮಾಡುತ್ತಿದ್ದಾಳೆ. ಅಜ್ಜಿಯ ಪಕ್ಕ ಹರಳೆಣ್ಣೆ ಬಟ್ಟಲು. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಬಿಡಿಸಿ ಕೂತಿದ್ದಾಳೆ.

“ಅಕ್ಕಾ, ಕೂಸು ಚೆನ್ನಾಗೈತಲ್ಲ. ಹಾಲು ಕುಡೀತೈತೆ, ನಗ್ತೈತೆ. ಮತ್ತೆ ಯಾಕ್ ತುಮ್ಕೂರಿಗೆ?” ಅಜ್ಜಿಯ ಪ್ರಶ್ನೆ. ದುಡ್ಡು, ಬಸ್ಸು, ಕೂಲಿ ತಪ್ಪುವ ದಿನ, ಬಿಸಿಲು ಎಲ್ಲವೂ ಈ ಪ್ರಶ್ನೆಯಲ್ಲಿ ಸೇರಿವೆ. ಅಜ್ಜಿಯದು ಮೊಂಡುತನ ಎಂದು ತಿಳಿಯಬೇಡಿ. ಕಣ್ಣಿಗೆ ಕಾಣುವ ಮಗು ನಿಜವಾಗಿ ಚೆನ್ನಾಗಿದೆ.

ಎರಡನೆಯ ಸ್ಕ್ಯಾನಿಂಗ್ ಹುಡುಕುವುದು ಬೇರೆಯದನ್ನು. ರಕ್ತಸ್ರಾವ ಮೊದಲ ವಾರದಲ್ಲೇ ಕಾಣುತ್ತದೆ. ರಕ್ತ, ಆಮ್ಲಜನಕ ಸಾಲದೆ ಕುಹರಗಳ ಅಂಚಿನ ನರತಂತುಗಳು ಸತ್ತಿದ್ದರೆ ಅದು ತಕ್ಷಣಕ್ಕೆ ಗೊತ್ತಾಗುವುದಿಲ್ಲ. ಎರಡರಿಂದ ನಾಲ್ಕು ವಾರ ಕಳೆದು, ಕೆಲವೊಮ್ಮೆ ಇನ್ನೂ ತಡವಾಗಿ, ಅಲ್ಲಿ ಸಣ್ಣ ಕಪ್ಪು ಗುಳಿಗಳು ಮೂಡುತ್ತವೆ. ಮೆದುಳಿನಿಂದ ಕಾಲುಗಳಿಗೆ ಇಳಿಯುವ ತಂತುಗಳು ಕುಹರದ ಅಂಚಿಗೆ ಅತಿ ಹತ್ತಿರ ಹಾದುಹೋಗುವುದರಿಂದ ಮೊದಲು ಪೆಟ್ಟು ಬೀಳುವುದು ಅವುಗಳಿಗೆ. ಇಂಥ ಮಗುವಿನ ಕಾಲು ಒಂದು ವರ್ಷದ ಹೊತ್ತಿಗೆ ಬಿಗಿಯತೊಡಗುತ್ತದೆ, ಮಗು ತುದಿಗಾಲಲ್ಲಿ ನಿಲ್ಲುತ್ತದೆ. ಮನೆಯವರು ಇನ್ನೂ ಆರು ತಿಂಗಳು ಕಾಯುತ್ತಾರೆ: ದಿನ ತುಂಬದ ಕೂಸಲ್ವಾ, ನಿಧಾನಕ್ಕೆ ನಡೆಯುತ್ತೆ ಎಂದು. ಗುಳಿ ಮೊದಲೇ ಕಂಡಿದ್ದರೆ ಆ ಆರು ತಿಂಗಳು, ಅದರ ಹಿಂದಿನ ಒಂದು ವರ್ಷ, ಎಲ್ಲವೂ ವ್ಯಾಯಾಮಕ್ಕೆ, ತರಬೇತಿಗೆ ಸಿಗುತ್ತಿತ್ತು.

ಮನಸ್ಸಿನ ವಿಷಯವೂ ಇಲ್ಲೇ ಬರುತ್ತದೆ. 1980ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ಮೆದುಳಿನ ಅಲ್ಟ್ರಾಸೌಂಡ್ ತೆಗೆದಿಟ್ಟಿದ್ದರು. ಅವರಿಗೆ ಆರು ವರ್ಷವಾದಾಗ ಮನೋವೈದ್ಯೆ ಆಗ್ನೆಸ್ ವಿಟೇಕರ್ ತಂಡ ಆ ಮಕ್ಕಳ ನಡೆನುಡಿಯನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿತು. ಹುಟ್ಟಿದ ಹೊಸತರಲ್ಲಿ ಮೆದುಳಿನ ತಿರುಳಿಗೆ ಹಾನಿಯಾಗಿದ್ದ, ಇಲ್ಲವೇ ಕುಹರ ಹಿಗ್ಗಿದ್ದ ಮಕ್ಕಳಲ್ಲಿ ಗಮನ ನಿಲ್ಲದ ತೊಂದರೆ ಮತ್ತಿತರ ಮಾನಸಿಕ ಸಮಸ್ಯೆಗಳು ಹೆಚ್ಚಿಗೆ ಕಂಡವು. ಬರೀ ಸಣ್ಣ ರಕ್ತಸ್ರಾವವಾಗಿದ್ದವರಲ್ಲಿ ಆ ನಂಟು ಕಾಣಲಿಲ್ಲ. ಈ ಚಾಪೆಯ ಮೇಲಿರುವ ಮಗುವಿಗೆ ಅದು ಒಳ್ಳೆಯ ಸುದ್ದಿ. ಗುಳಿಗಳೂ ಇಲ್ಲ ಎಂದು ಖಚಿತವಾದರೆ ಇನ್ನೂ ಒಳ್ಳೆಯ ಸುದ್ದಿ. ಮುಂದೆ ಶಾಲೆಯಲ್ಲಿ ಮೇಷ್ಟ್ರು “ಇವಳು ಒಂದು ಕಡೆ ಕೂರಲ್ಲ, ಹೇಳಿದ್ದು ತಲೆಗೆ ಹೋಗಲ್ಲ” ಎಂದು ದೂರಿದರೆ, ಅದು ಹಟವೋ ಹುಟ್ಟಿನ ಪೆಟ್ಟೋ ಎಂದು ಯೋಚಿಸಲು ಒಂದು ಕಾಗದ ಬೇಕು. ಆ ಕಾಗದ ಈಗಲೇ ತಯಾರಾಗಬೇಕು. ನೆತ್ತಿ ಕೂಡಿದ ಮೇಲೆ ಈ ದಾರಿ ಇರುವುದಿಲ್ಲ.

ಆಶಾ ಇಷ್ಟೆಲ್ಲ ಹೇಳುವುದಿಲ್ಲ. “ಅಜ್ಜಿ, ಹೋದ್ಸಲ ಒಳಗೆ ರಕ್ತ ಇತ್ತಲ್ಲ, ಅದು ಹೋಯ್ತಾ ಇಲ್ವಾ ನೋಡ್ಕಂಡ್ ಬರಣ. ನಾನೂ ಬರ್ತೀನಿ,” ಎನ್ನುತ್ತಾಳೆ. ಅಜ್ಜಿ ಬಟ್ಟಲು ಪಕ್ಕಕ್ಕೆ ಇಡುತ್ತಾಳೆ. ಆಶಾಗಳು ಮೂರನೇ ದಿನ, ಏಳನೇ ದಿನ ಎಂದು ಶುರುಮಾಡಿ ನಲವತ್ತೆರಡನೇ ದಿನದವರೆಗೆ ಹಸಿಬಾಣಂತಿಯ ಮನೆಗೆ ಬರುವ ಕ್ರಮವಿದೆ. ಎರಡನೆಯ ಸ್ಕ್ಯಾನಿಂಗಿನ ತಾರೀಖು ಅವರ ಕೈಯ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಇರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟರೆ ಅದನ್ನು ಯಾರೂ ಓದುವುದಿಲ್ಲ.

ನೆತ್ತಿಯ ಈ ದಾರಿಯಲ್ಲಿ ಇನ್ನೂ ದೂರ ಹೋದವರಿದ್ದಾರೆ. ಪ್ಯಾರಿಸ್ಸಿನ ಮಿಕಾಯೆಲ್ ತಾಂತರ್ ತಂಡ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಅಲ್ಟ್ರಾಸೌಂಡ್ ರೂಪಿಸಿತು. ಮೆದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ರಕ್ತ ಹೆಚ್ಚು ನುಗ್ಗುತ್ತದೆ. ಆ ನುಗ್ಗುವಿಕೆಯನ್ನೇ ಅವರು ಹಿಡಿದರು. 2017ರಲ್ಲಿ ನವಜಾತ ಶಿಶುಗಳ ತೊಟ್ಟಿಲ ಪಕ್ಕದಲ್ಲೇ ನಿದ್ದೆಯ ಹಂತಗಳನ್ನೂ ಫಿಟ್ಸ್ ಎಲ್ಲಿ ಹುಟ್ಟಿ ಎತ್ತ ಹರಡುತ್ತದೆ ಎಂಬುದನ್ನೂ ನೋಡಿ ತೋರಿಸಿದರು. ಅದು ಇನ್ನೂ ಸಂಶೋಧನೆಯ ಯಂತ್ರ. ನಮ್ಮ ವಾರ್ಮರುಗಳ ಪಕ್ಕಕ್ಕೆ ಬರಲು ಸಮಯವಿದೆ.

ನೆತ್ತಿ ಕೂಡಿಹೋದ ದೊಡ್ಡವರನ್ನು ನೋಡಲು ಇನ್ನು ಕುಣಿಗಲ್. ತುಮಕೂರಿನಿಂದ ಹೆಬ್ಬೂರಿನ ಮೇಲೆ ಬಸ್ಸು. ಮಂಗಳವಾರವೇ ಹೊರಡಿ, ಏಕೆಂದರೆ ಮಂಗಳವಾರ ಮನೋಚೈತನ್ಯದ ದಿನ. 2014ರಿಂದ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರಗಳಂದು ಬರುವ ಏರ್ಪಾಡು ಇದು. ಪಕ್ಕದ ತುರುವೇಕೆರೆ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಊರಲ್ಲೇ ಗುರುತಿಸಿ, ಊರಲ್ಲೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಗಮನಿಸಿದ್ದಾರೆ. ಆದ್ದರಿಂದ ಈ ಸೀಮೆಯಲ್ಲಿ ‘ತಲೆ ಡಾಕ್ಟ್ರು’ ಎಂದರೆ ಬೆಂಗಳೂರಿಗೇ ಹೋಗಬೇಕು ಎಂಬ ಕಾಲ ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಯುತ್ತಿದೆ.

ಬೆಂಚಿನ ತುದಿಯಲ್ಲಿ ಜಾಗವಿದೆ, ಕೂತುಕೊಳ್ಳಿ. ಗೋಡೆಯ ಮೇಲೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್, 14416. ಐವತ್ತು ದಾಟಿದ ಹೆಂಗಸೊಬ್ಬರು ಮಗನ ಜೊತೆ ಒಳಗೆ ಬರುತ್ತಾರೆ. ಹೆಜ್ಜೆ ಚಿಕ್ಕದು, ಮುಖ ಬಿಗಿದಿದೆ. ಬಲಗೈ ತೊಡೆಯ ಮೇಲೆ ಒಂದೇ ಸಮ ನಡುಗುತ್ತಿದೆ.

“ಹದಿನೈದು ವರ್ಷದಿಂದ ಮಾತ್ರೆ ನುಂಗ್ತಾವ್ರೆ ಸಾರ್. ಕಿವಿಲಿ ಮಾತು ಕೇಳಿಸ್ತಿತ್ತಲ್ಲ, ಅದು ನಿಂತೈತೆ. ಈಗ ಆರು ತಿಂಗ್ಳಿಂದ ಕೈ ನಡುಗ್ತೈತೆ. ಲೋಟ ಹಿಡಿಯಕ್ಕಾಗಲ್ಲ.”

ಡಾಕ್ಟರು ಎದ್ದುಬಂದು ಅವರ ಮೊಣಕೈ ಹಿಡಿದು ಮಡಚಿ ಬಿಡಿಸುತ್ತಾರೆ. “ನಡೀರಿ ನೋಡೋಣ ಅಮ್ಮ, ಬಾಗಿಲ ತಂಕ ಹೋಗಿ ವಾಪಸ್ ಬನ್ನಿ.” ನೀವೂ ನೋಡಿ: ತಿರುಗುವಾಗ ಅವರು ಇಡೀ ಮೈಯನ್ನು ಒಂದೇ ಸಲಕ್ಕೆ ತಿರುಗಿಸುತ್ತಾರೆ, ಕೈ ಬೀಸುವುದಿಲ್ಲ.

ಎರಡು ಸಾಧ್ಯತೆ. ಹ್ಯಾಲೋಪೆರಿಡಾಲ್‌ನಂಥ ಮದ್ದು ಮೆದುಳಿನಲ್ಲಿ ಡೋಪಮೀನ್ ಕೆಲಸವನ್ನು ತಡೆಯುತ್ತದೆ. ಹಾಗಾಗಿ ಮಾತ್ರೆಯಿಂದಲೇ ಇಂಥ ನಡುಕ ಬರಬಹುದು. ಹಾಗಿದ್ದರೆ ಮದ್ದು ಬದಲಿಸಿದಾಗ ಇಳಿಯುತ್ತದೆ. ಇಲ್ಲವೇ ಇದು ನಿಜವಾದ ಪಾರ್ಕಿನ್ಸನ್ ಕಾಯಿಲೆ. ಅದಕ್ಕೆ ಡೋಪಮೀನ್ ಹೆಚ್ಚಿಸುವ ಮದ್ದು ಬೇಕು, ಆದರೆ ಆ ಮದ್ದೇ ಕಿವಿಯೊಳಗಿನ ಮಾತುಗಳನ್ನು ಮತ್ತೆ ಎಬ್ಬಿಸಬಹುದು. ಒಂದರ ಚಿಕಿತ್ಸೆ ಇನ್ನೊಂದಕ್ಕೆ ವಿರುದ್ಧ. ನರವೈದ್ಯಕ್ಕೂ ಮನೋವೈದ್ಯಕ್ಕೂ ನಡುವೆ ಗೋಡೆಯಿಲ್ಲ ಎಂಬುದು ಈ ಕೈ ನೋಡಿದರೆ ಸಾಕು, ತಿಳಿಯುತ್ತದೆ.

ಎರಡರಲ್ಲಿ ಯಾವುದೆಂದು ಅಲ್ಟ್ರಾಸೌಂಡಿನಲ್ಲಿ ನೋಡೋಣವೆಂದರೆ, ದೊಡ್ಡವರ ತಲೆಬುರುಡೆ ಶಬ್ದವನ್ನು ಸುಲಭಕ್ಕೆ ಬಿಡುವುದಿಲ್ಲ. ಆಸ್ಟ್ರಿಯಾದ ನರವೈದ್ಯ ಕಾರ್ಲ್ ಡುಸಿಕ್ 1942ರಲ್ಲೇ ಶಬ್ದದಿಂದ ಮೆದುಳಿನ ಚಿತ್ರ ತೆಗೆಯುವ ಪ್ರಯತ್ನ ಪ್ರಕಟಿಸಿದ್ದರು. ಅಲ್ಟ್ರಾಸೌಂಡಿನಿಂದ ದೇಹದೊಳಗಿನ ಚಿತ್ರ ತೆಗೆಯುವುದು ಶುರುವಾದದ್ದೇ ಮೆದುಳಿನಿಂದ. ಆದರೆ ಅವರ ಚಿತ್ರಗಳಲ್ಲಿ ಕುಹರ ಎಂದುಕೊಂಡಿದ್ದ ನೆರಳುಗಳು ಬರೀ ಮೂಳೆಯ ದಪ್ಪದ ನೆರಳು ಎಂದು ಆಮೇಲೆ ಗೊತ್ತಾಯಿತು. ತೆಳುವಾದ ಜಾಗ ಒಂದಿದೆ: ಕಿವಿಯ ಮುಂದೆ, ಕಣತಲೆಯ ಹತ್ತಿರ. 1982ರಲ್ಲಿ ರೂನೆ ಓಸ್ಲಿಡ್ ಮತ್ತು ಜೊತೆಗಾರರು ಸೆಕೆಂಡಿಗೆ 20 ಲಕ್ಷ ಕಂಪನಗಳ ಶಬ್ದವನ್ನು ಅಲ್ಲಿಂದ ಕಳಿಸಿ ಮೆದುಳಿನ ರಕ್ತನಾಳಗಳಲ್ಲಿ ರಕ್ತ ಹರಿಯುವ ವೇಗ ಅಳೆದರು. 1995ರಲ್ಲಿ ಜರ್ಮನಿಯ ಗೇಯೋರ್ಗ್ ಬೆಕರ್ ಮತ್ತು ಸಹೋದ್ಯೋಗಿಗಳು ಅದೇ ಜಾಗದಿಂದ ನಡುಮೆದುಳನ್ನು ನೋಡಿದರು. ಪರದೆಯಲ್ಲಿ ಅದು ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಕಾಣುತ್ತದೆ. ಪಾರ್ಕಿನ್ಸನ್ ಇರುವವರಲ್ಲಿ ಅದರೊಳಗಿನ ಸಬ್‌ಸ್ಟ್ಯಾನ್ಶಿಯಾ ನೈಗ್ರಾ ಎಂಬ ಭಾಗ ಅಸಹಜವಾಗಿ ಬೆಳಗುತ್ತಿತ್ತು. ಅಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದು ಅದಕ್ಕೊಂದು ಕಾರಣ ಎನ್ನುತ್ತಾರೆ. ನಂತರದ ಅಧ್ಯಯನಗಳಲ್ಲಿ ಪಾರ್ಕಿನ್ಸನ್ ಇರುವ ಹತ್ತರಲ್ಲಿ ಒಂಬತ್ತು ಮಂದಿಯಷ್ಟು ಜನರಲ್ಲಿ ಈ ಬೆಳಕು ಕಂಡಿತು. ಬರೀ ಮಾತ್ರೆಯಿಂದ ನಡುಗುವವರಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಈ ಅಮ್ಮನ ಕಣತಲೆಯ ಮೇಲೆ ಒಂದು ಪ್ರೋಬ್ ಇಟ್ಟು ಹತ್ತು ನಿಮಿಷ ನೋಡುವಂತಿದ್ದರೆ! ಊರಿನಲ್ಲಿ ಸ್ಕ್ಯಾನಿಂಗ್ ಸೆಂಟರುಗಳಿವೆ. ಆದರೆ ಮನೋವೈದ್ಯರು ಒಂದು ಸಣ್ಣ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಬರುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಪ್ರತಿ ಯಂತ್ರವೂ ನೋಂದಾಯಿತ ಜಾಗದಲ್ಲೇ ಇರಬೇಕು, ನಡೆಸುವವರಿಗೆ ಅರ್ಹತೆ ಇರಬೇಕು. ಆ ಕಾಯ್ದೆ ಸಡಿಲವಾಗಲಿ ಎಂದು ನಾನು ಎಂದಿಗೂ ಕೇಳುವುದಿಲ್ಲ. ಹುಟ್ಟಬೇಕಾದ ಹೆಣ್ಣುಮಕ್ಕಳನ್ನು ನುಂಗಿದ ಯಂತ್ರಕ್ಕೆ ಕಾವಲು ಬೇಕೇ ಬೇಕು. ನಾನು ಕೇಳುವುದು, ನೋಂದಾಯಿತ ಯಂತ್ರದ ಮುಂದೆ ಈಗಾಗಲೇ ಕೂರುವ ಡಾಕ್ಟರಿಗೆ ನೆತ್ತಿಯನ್ನೂ ಕಣತಲೆಯನ್ನೂ ಓದುವ ತರಬೇತಿ. ಮೆದುಳು ನೋಡುವ ಯಂತ್ರ ಎಂದೋ ತಾಲ್ಲೂಕಿಗೆ ಬಂದಾಗಿದೆ, ಅದನ್ನು ತಲೆಯ ಕಡೆಗೆ ತಿರುಗಿಸುವ ಕೈ ಬಂದಿಲ್ಲ.

ಹಾಗೆಂದು ಇದನ್ನು ಮಾಯೆಯ ಕನ್ನಡಿ ಮಾಡಿಬಿಡಬಾರದು. ಹತ್ತರಲ್ಲಿ ಒಬ್ಬಿಬ್ಬರಿಗೆ ಕಣತಲೆಯ ಮೂಳೆಯೂ ದಾರಿ ಬಿಡುವುದಿಲ್ಲ, ವಯಸ್ಸಾದ ಹೆಂಗಸರಲ್ಲಿ ಈ ಅಡ್ಡಿ ಹೆಚ್ಚು. ಆರೋಗ್ಯವಂತರಲ್ಲೂ ನೂರಕ್ಕೆ ಹತ್ತು ಮಂದಿಯಷ್ಟರಲ್ಲಿ ಆ ಬೆಳಕು ಕಾಣುತ್ತದೆ. ಬೆಕರ್ ತಂಡವೇ ಖಿನ್ನತೆ ಇರುವವರ ಮೆದುಳುಕಾಂಡದ ನಡುಗೆರೆ ಮಸುಕಾಗಿರುತ್ತದೆ ಎಂದು 1990ರ ದಶಕದಲ್ಲಿ ಬರೆಯಿತು. ಆ ಮಸುಕು ಖಿನ್ನತೆಯಿರುವ ಎಲ್ಲರಲ್ಲೂ ಇಲ್ಲ, ಇಲ್ಲದವರಲ್ಲಿ ಕೆಲವರಿಗೆ ಉಂಟು. ನಾಳೆ ಯಾರಾದರೂ ‘ತಲೆ ಸ್ಕ್ಯಾನಿಂಗ್‌ನಿಂದ ಖಿನ್ನತೆ ಪತ್ತೆ’ ಎಂದು ಬೋರ್ಡ್ ಹಾಕಿದರೆ ಒಳಗೆ ಹೋಗಬೇಡಿ. ಖಿನ್ನತೆ ಇಂದಿಗೂ ಪತ್ತೆಯಾಗುವುದು ಈ ಮೇಜಿನ ಎದುರು, ಮಾತಿನಲ್ಲಿ.

ಯೌವನದಲ್ಲಿ ಮಾತು ತೊದಲಿ, ಸಿಟ್ಟು ಹೆಚ್ಚಿ, ಮನೋರೋಗವೆಂದು ತಿಳಿದುಕೊಳ್ಳುವ ವಿಲ್ಸನ್ ಕಾಯಿಲೆಯ ಮಾತು ಬೇರೆ. ದೇಹದಲ್ಲಿ ತಾಮ್ರ ತುಂಬಿಕೊಳ್ಳುವ ಈ ಕಾಯಿಲೆಯ 282 ಮಂದಿಯ ವಿವರವನ್ನು ನಿಮ್ಹಾನ್ಸ್‌ನ ಎ.ಬಿ. ಟಾಲಿ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ್ದಾರೆ. ಈ ಕಾಯಿಲೆ ಇರುವವರ ಮೆದುಳಿನಾಳದ ಒಂದು ಗಂಟು ಅಲ್ಟ್ರಾಸೌಂಡಿನಲ್ಲಿ ಹೊಳೆಯುತ್ತದೆ ಎಂದು ಜರ್ಮನಿಯ ಊವೆ ವಾಲ್ಟರ್ ತಂಡ 2005ರಲ್ಲಿ ತೋರಿಸಿತು. ಮೊದಲೇ ಗೊತ್ತಾದರೆ ಮದ್ದಿದೆ. ಇಂಥ ಕಡೆ ಸಣ್ಣ ಸುಳಿವೂ ಬಹಳ ಬೆಲೆಯದು.

ಈ ಅಮ್ಮನಿಗೆ ಡಾಕ್ಟರು ಹಳೆಯ ಮಾತ್ರೆಯನ್ನು ಅರ್ಧಕ್ಕೆ ಇಳಿಸಿ, ನಡುಕ ಕಡಿಮೆ ತರುವ ಇನ್ನೊಂದನ್ನು ನಿಧಾನವಾಗಿ ಶುರುಮಾಡುತ್ತಾರೆ. ಚಿತ್ರ ಇಲ್ಲದಿದ್ದಾಗ ಕಾಲವನ್ನೇ ಪರೀಕ್ಷೆಯಾಗಿ ಬಳಸಬೇಕು: ಮಾತ್ರೆ ಬದಲಾದ ಮೇಲೆ ಕೆಲವು ತಿಂಗಳಲ್ಲಿ ನಡುಕ ಇಳಿಯಿತೇ, ಇಲ್ಲವೇ?

“ಇಳೀದಿದ್ರೆ ಸಾರ್?”

“ಇಳೀದಿದ್ರೆ ನಿಮ್ಹಾನ್ಸ್‌ಗೆ ಬರ್ಕೊಡ್ತೀನಿ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ. ಅಮ್ಮ, ಮತ್ತೆ ಮಾತು ಕೇಳ್ಸಕ್ಕೆ ಶುರುವಾದ್ರೆ ತಕ್ಷಣ ಮಗನಿಗೆ ಹೇಳಿ.”

ಅವರು ತಲೆಯಾಡಿಸುತ್ತಾರೆ. ಮಗ ಚೀಟಿ ಮಡಚುತ್ತಾನೆ. “ಮುಂದಿನ್ ಸಲ ಬರೋವಾಗ ಹಳೇ ಚೀಟಿ ಎಲ್ಲಾ ತರ್ಬೇಕಾ ಸಾರ್? ಮನೇಲಿ ಒಂದ್ ಚೀಲ ಐತೆ.”

“ಎಲ್ಲಾ ತನ್ನಿ. ಯಾವ ಮಾತ್ರೆ ಯಾವ್ ವರ್ಷ ಶುರುವಾಯ್ತು, ಕೈ ನಡುಗಿದ್ದು ಯಾವಾಗಿಂದ, ಅದೇ ನಂಗೆ ಬೇಕಾಗಿರೋದು. ಸಿಸ್ಟರ್, ಮುಂದಿನವರನ್ನ ಕಳ್ಸಿ.”